ಸೂರ್ಯಕಾಂತಿ ಯಾವ ಮಳೆಗೆ ಅರಳಬೇಕು?

ಮೈಸೂರಿನಿಂದ ಊಟಿಗೆ ಹೋಗುವ ಹೆದ್ದಾರಿಯಲ್ಲಿ ಗುಂಡ್ಲುಪೇಟೆಯ ಆಸುಪಾಸಿಗೆ ಬಂದರೆ, ಜೂನ್ ಕೊನೆಯಿಂದ ಜುಲೈವರೆಗೆ ರಸ್ತೆಯ ಎರಡೂ ಬದಿಯ ಹೊಲಗಳು ಹಳದಿಯಾಗಿ ಕಾಣುತ್ತವೆ. ಪ್ರವಾಸಿಗರು ವಾಹನ ನಿಲ್ಲಿಸಿ ಸೂರ್ಯಕಾಂತಿ ಹೂಗಳ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುವುದು ಈಗ ಅಲ್ಲಿ ವಾಡಿಕೆಯೇ ಆಗಿದೆ. ಅದೇ ಹೊತ್ತಿಗೆ ಗದಗ, ಕೊಪ್ಪಳ, ರಾಯಚೂರು, ವಿಜಯಪುರ ಕಡೆಯ ಎಷ್ಟೋ ಎರೆ ಹೊಲಗಳು ಖಾಲಿ ಬಿದ್ದಿರುತ್ತವೆ. ಅಲ್ಲಿ ಈ ಹಳದಿ ನೋಡಬೇಕಾದರೆ ದೀಪಾವಳಿ ಕಳೆಯುವವರೆಗೆ ಕಾಯಬೇಕು. ಒಂದೇ ರಾಜ್ಯ, ಒಂದೇ ಬೆಳೆ. ಆದರೂ ಹೂ ಅರಳುವ ಕಾಲದಲ್ಲಿ ನಾಲ್ಕು ತಿಂಗಳ ಅಂತರ. ಇದೇಕೆ?

ಮಳೆ ಬಿದ್ದಾಗ ರೈತ ಬಿತ್ತುತ್ತಾನೆ, ಬಿತ್ತಿದ ಮೇಲೆ ಹೂ ಬಿಡುತ್ತದೆ ಎಂದು ಸುಲಭವಾಗಿ ಉತ್ತರ ಹೇಳಿಬಿಡಬಹುದು. ಆದರೆ ಅದು ಅರ್ಧ ಉತ್ತರ. ಸೂರ್ಯಕಾಂತಿಯ ಮಟ್ಟಿಗೆ ಲೆಕ್ಕ ಹಿಂದುಮುಂದಾಗಿ ನಡೆಯುತ್ತದೆ. ಯಾವ ಮಳೆಗೆ ಬಿತ್ತಬೇಕು ಎಂಬುದಕ್ಕಿಂತ ಯಾವ ಮಳೆಯಲ್ಲಿ ಹೂ ಅರಳಬಾರದು ಎಂಬುದೇ ಇಲ್ಲಿ ಮುಖ್ಯ. ಈ ಒಂದು ಲೆಕ್ಕವನ್ನು ಹಿಡಿದು ನೋಡಿದರೆ, ಅಮೆರಿಕದಲ್ಲಿ ಹುಟ್ಟಿದ ಗಿಡವೊಂದು ರಷ್ಯದಲ್ಲಿ ಏಕೆ ಎಣ್ಣೆಕಾಳಾಯಿತು, ನಮ್ಮ ಬಯಲುಸೀಮೆಗೆ ಏಕೆ ಅಷ್ಟು ಬೇಗ ಒಗ್ಗಿತು, ಅಷ್ಟೇ ಬೇಗ ಏಕೆ ಹಿಂದೆ ಸರಿಯಿತು ಎಂಬುದೆಲ್ಲ ಅರ್ಥವಾಗುತ್ತ ಹೋಗುತ್ತದೆ.

ಹಗಲಿನ ಲೆಕ್ಕ ಕೇಳದ ಗಿಡ

ಹಲವು ಬೆಳೆಗಳಿಗೆ ತಮ್ಮದೇ ಪಂಚಾಂಗವಿದೆ. ತೊಗರಿಯನ್ನು ಜೂನ್‌ನಲ್ಲಿ ಬಿತ್ತಿದರೂ ಒಂದು ತಿಂಗಳು ತಡವಾಗಿ ಬಿತ್ತಿದರೂ ಹೂ ಬಿಡಲು ಅದು ಹಗಲು ಕುಗ್ಗುವುದನ್ನೇ ಕಾಯುತ್ತದೆ. ಭತ್ತದ ಅನೇಕ ಹಳೆಯ ತಳಿಗಳೂ ಹಾಗೆಯೇ. ಸೂರ್ಯನ ಹೆಸರನ್ನೇ ಹೊತ್ತ ಸೂರ್ಯಕಾಂತಿಗೆ ಮಾತ್ರ ಹಗಲಿನ ಉದ್ದದ ಹಂಗು ಹೆಚ್ಚಿಲ್ಲ. ಬೇಸಿಗೆಯಾಗಲಿ ಚಳಿಗಾಲವಾಗಲಿ, ಬಿತ್ತಿದ 55ರಿಂದ 65 ದಿನಗಳಲ್ಲಿ ಹೂ, 90ರಿಂದ 100 ದಿನಗಳಲ್ಲಿ ಕೊಯ್ಲು ಎಂಬುದು ನಮ್ಮಲ್ಲಿ ಬೆಳೆಯುವ ತಳಿಗಳ ಸಾಮಾನ್ಯ ಲೆಕ್ಕ.

ಮಣ್ಣಿನ ವಿಷಯದಲ್ಲೂ ಇದು ಹಟಮಾರಿಯಲ್ಲ. ಕೆಂಪು ಮಸಾರಿ ನೆಲದಲ್ಲೂ ಬರುತ್ತದೆ, ಕಪ್ಪು ಎರೆ ನೆಲದಲ್ಲೂ ಬರುತ್ತದೆ. ಸ್ವಲ್ಪ ಮಟ್ಟಿಗೆ ಚೌಳನ್ನೂ ತಡೆದುಕೊಳ್ಳುತ್ತದೆ. ಇದರ ತಾಯಿಬೇರು ಆಳವಾದ ನೆಲದಲ್ಲಿ ಎರಡು ಮೀಟರಿನವರೆಗೂ ಇಳಿದು, ಮೇಲುಬೇರಿನ ಬೆಳೆಗಳಿಗೆ ಎಟುಕದ ತೇವವನ್ನು ಹೀರಿಕೊಳ್ಳುತ್ತದೆ. ಬೇರಿನಲ್ಲಿ ನೀರು ನಿಲ್ಲುವುದನ್ನು ಮಾತ್ರ ಸಹಿಸುವುದಿಲ್ಲ. ಈ ಗುಣಗಳಿಂದಾಗಿಯೇ ಎಲ್ಲ ಕಾಲಕ್ಕೂ ಎಲ್ಲ ನೆಲಕ್ಕೂ ಸಲ್ಲುವ ಬೆಳೆ ಎಂಬ ಹೆಸರು ಇದಕ್ಕೆ ಬಂದಿತು. ಒಂದು ಕಾಲಕ್ಕೆ ಕೃಷಿ ಇಲಾಖೆಯ ಪ್ರಚಾರದ ಸಾಲೂ ಇದೇ ಧಾಟಿಯಲ್ಲಿತ್ತು.

ಗಿಡ ಎಲ್ಲ ಕಾಲಕ್ಕೂ ಬೆಳೆಯುತ್ತದೆ ಎಂಬುದು ನಿಜ. ಆದರೆ ಕಾಳು ಎಲ್ಲ ಕಾಲಕ್ಕೂ ಕಟ್ಟುವುದಿಲ್ಲ. ಆ ವ್ಯತ್ಯಾಸ ಇರುವುದು ಹೂ ಅರಳುವ ಹತ್ತು ದಿನಗಳಲ್ಲಿ.

ಹತ್ತು ದಿನದ ಪರೀಕ್ಷೆ

ನಾವು ಒಂದು ಹೂವೆಂದು ಕರೆಯುವುದು ವಾಸ್ತವವಾಗಿ ಒಂದು ಹೂವಲ್ಲ. ರೈತರು ತೆನೆ ಎಂದು ಕರೆಯುವ ಆ ತಟ್ಟೆಯಲ್ಲಿ ಸಾವಿರಕ್ಕೂ ಮಿಕ್ಕಿ ಪುಟ್ಟ ಹೂಗಳಿರುತ್ತವೆ. ಅಂಚಿನ ಹಳದಿ ದಳಗಳು ಕೀಟಗಳನ್ನು ಕರೆಯುವ ಬಾವುಟಗಳು ಮಾತ್ರ. ಕಾಳು ಕಟ್ಟುವುದು ಒಳಗಿನ ಪುಟ್ಟ ಹೂಗಳಲ್ಲಿ. ಇವು ಹೊರ ಅಂಚಿನಿಂದ ಆರಂಭಿಸಿ ದಿನಕ್ಕೆ ಕೆಲವು ಸುತ್ತಿನಂತೆ ಒಳಮುಖವಾಗಿ ಅರಳುತ್ತವೆ. ಒಂದು ತೆನೆ ಪೂರ್ತಿ ಅರಳಲು ಒಂದು ವಾರದಿಂದ ಹತ್ತು ದಿನ ಬೇಕು.

ಪ್ರತಿ ಪುಟ್ಟ ಹೂವಿನಲ್ಲೂ ಮೊದಲು ಪರಾಗ ಹೊರಬರುತ್ತದೆ, ಅನಂತರ ಅದೇ ಹೂವಿನ ಶಲಾಕಾಗ್ರ ತೆರೆದುಕೊಳ್ಳುತ್ತದೆ. ತನ್ನದೇ ಪರಾಗವನ್ನು ಒಪ್ಪಿಕೊಳ್ಳಲು ಬಹಳಷ್ಟು ತಳಿಗಳು ಹಿಂಜರಿಯುತ್ತವೆ. ಪಕ್ಕದ ಗಿಡದ ಪರಾಗ ಬೇಕು. ಅದನ್ನು ತರುವುದು ಮುಖ್ಯವಾಗಿ ಜೇನ್ನೊಣ. ಸೂರ್ಯಕಾಂತಿಯ ಪರಾಗ ಅಂಟಂಟಾಗಿ ಭಾರವಾಗಿರುವುದರಿಂದ ಗಾಳಿಯನ್ನು ನಂಬಿ ಕೂರುವಂತಿಲ್ಲ.

ಈಗ ಈ ಹತ್ತು ದಿನ ಜಡಿಮಳೆ ಹಿಡಿಯಿತೆನ್ನಿ. ಪರಾಗ ತೊಳೆದುಹೋಗುತ್ತದೆ, ಜೇನ್ನೊಣ ಗೂಡು ಬಿಟ್ಟು ಹೊರಡುವುದಿಲ್ಲ. ಇದಕ್ಕೆ ವಿರುದ್ಧವಾಗಿ ಉಷ್ಣಾಂಶ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗ ಸತ್ವ ಕಳೆದುಕೊಳ್ಳುತ್ತದೆ. ಎರಡರ ಫಲವೂ ಒಂದೇ. ತೆನೆ ತಟ್ಟೆಯಷ್ಟು ಅಗಲ ಕಂಡರೂ ಒಳಗೆ ನಡುಭಾಗವೆಲ್ಲ ಜೊಳ್ಳು. ಹೊರಗಿನಿಂದ ನೋಡಿದವರಿಗೆ ಹೊಲ ಸಮೃದ್ಧವಾಗಿಯೇ ಕಾಣುತ್ತದೆ. ಒಕ್ಕಣೆ ಮಾಡಿ ತೂರಿದಾಗಲೇ ನಿಜ ಗೊತ್ತಾಗುವುದು.

ಜೇನ್ನೊಣ ಕಡಿಮೆ ಇರುವಲ್ಲಿ ಬೆಳಗಿನ ಹೊತ್ತು ಸಾಲುಗಳ ನಡುವೆ ನಡೆಯುತ್ತ ಅಕ್ಕಪಕ್ಕದ ಎರಡು ತೆನೆಗಳನ್ನು ಮೃದುವಾಗಿ ಉಜ್ಜುವುದು, ಇಲ್ಲವೇ ಅಂಗೈಗೆ ತೆಳುವಾದ ಬಟ್ಟೆ ಸುತ್ತಿಕೊಂಡು ಒಂದೊಂದಾಗಿ ತೆನೆಗಳನ್ನು ಸವರುವುದು ರೂಢಿಯಲ್ಲಿದೆ. ಹೂ ಬಿಚ್ಚುವ ಹಂತದಲ್ಲಿ ಲೀಟರ್ ನೀರಿಗೆ 2 ಗ್ರಾಂ ಬೊರಾಕ್ಸ್ ಬೆರೆಸಿ ಸಿಂಪಡಿಸಬೇಕೆಂಬ ಶಿಫಾರಸೂ ಜೊಳ್ಳು ತಪ್ಪಿಸುವುದಕ್ಕೇ. ಆದರೆ ಇವೆಲ್ಲ ಪೂರಕ ಉಪಾಯಗಳು. ಹೂ ಅರಳುವಾಗ ಆಕಾಶ ತಿಳಿಯಾಗಿರುವಂತೆ ಬಿತ್ತನೆಯ ದಿನವನ್ನು ಹೊಂದಿಸುವುದೇ ಮೂಲ ಉಪಾಯ.

ಹೂ ಸೂರ್ಯನ ಹಿಂದೆಯೇ ತಿರುಗುತ್ತದೆ ಎಂಬ ನಂಬಿಕೆಯನ್ನೂ ಇಲ್ಲಿಯೇ ನೋಡಿಬಿಡೋಣ. ತಿರುಗುವುದು ಎಳೆಯ ಗಿಡ. ಹಗಲು ಪೂರ್ವದಿಂದ ಪಶ್ಚಿಮಕ್ಕೆ ಹೊರಳಿ, ರಾತ್ರಿ ಮತ್ತೆ ಪೂರ್ವಕ್ಕೆ ಮರಳಿ ಬೆಳಗನ್ನು ಕಾಯುತ್ತದೆ. ಹೂ ಅರಳಿ ಕಾಂಡ ಬಲಿತ ಮೇಲೆ ಈ ಓಲಾಟ ನಿಂತು ತೆನೆ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಲಾಭವನ್ನು ತೋರಿಸಿತು. ಪೂರ್ವಕ್ಕೆ ನೋಡುವ ತೆನೆ ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುತ್ತದೆ. ಬೆಚ್ಚಗಿನ ಹೂವಿಗೆ ಜೇನ್ನೊಣಗಳು ಹೆಚ್ಚು ಬರುತ್ತವೆ. ಕುಂಡದಲ್ಲಿ ಬೆಳೆಸಿ ಪಶ್ಚಿಮಕ್ಕೆ ತಿರುಗಿಸಿಟ್ಟ ಹೂಗಳಿಗೆ ಬಂದ ನೊಣಗಳ ಸಂಖ್ಯೆ ತೀರಾ ಕಡಿಮೆಯಾಗಿತ್ತು. ಅಂದರೆ ಗಿಡದ ಇಡೀ ಏರ್ಪಾಡೇ ಬಿಸಿಲಿನ ಬೆಳಗನ್ನು ನೆಚ್ಚಿಕೊಂಡಿದೆ. ಆ ಬೆಳಗು ಒದಗಿಸುವ ಸೀಮೆ ಯಾವುದು, ತಿಂಗಳು ಯಾವುದು ಎಂಬ ಹುಡುಕಾಟವೇ ಈ ಬೆಳೆಯ ಇತಿಹಾಸ.

ಅಮೆರಿಕದಿಂದ ಕಪ್ಪು ಸಮುದ್ರಕ್ಕೆ

ಸೂರ್ಯಕಾಂತಿಯ ತವರು ಉತ್ತರ ಅಮೆರಿಕ. ಅಲ್ಲಿನ ಮೂಲನಿವಾಸಿಗಳು ನಾಲ್ಕು ಸಾವಿರ ವರ್ಷಗಳಿಗೂ ಹಿಂದೆಯೇ ಕಾಡುಗಿಡವನ್ನು ಪಳಗಿಸಿ ಕಾಳಿಗಾಗಿ ಬೆಳೆಯುತ್ತಿದ್ದರು. 16ನೇ ಶತಮಾನದಲ್ಲಿ ಸ್ಪೇನಿನವರ ಮೂಲಕ ಯೂರೋಪಿಗೆ ಬಂದಾಗ ಅದು ತೋಟದ ಅಲಂಕಾರದ ಹೂವಷ್ಟೇ ಆಗಿತ್ತು. ಸ್ಪೇನ್, ಇಟಲಿಯಂಥ ದೇಶಗಳಿಗೆ ಎಣ್ಣೆಗೆ ಆಲಿವ್ ಮರಗಳಿದ್ದವು. ಹೊಸ ಎಣ್ಣೆಕಾಳಿನ ಅಗತ್ಯ ಅವರಿಗೆ ಬೀಳಲಿಲ್ಲ.

ಅಗತ್ಯ ಬಿದ್ದದ್ದು ರಷ್ಯಕ್ಕೆ. ಅಲ್ಲಿನ ಕಡುಚಳಿಯಲ್ಲಿ ಆಲಿವ್ ಬದುಕುವುದಿಲ್ಲ. ಈಸ್ಟರಿಗೆ ಮುಂಚಿನ ದೀರ್ಘ ಉಪವಾಸದಲ್ಲಿ ಆರ್ಥೊಡಾಕ್ಸ್ ಕ್ರೈಸ್ತರು ಬೆಣ್ಣೆ, ಕೊಬ್ಬು ಮುಟ್ಟುವಂತಿರಲಿಲ್ಲ. ಹೊಸದಾಗಿ ಬಂದ ಸೂರ್ಯಕಾಂತಿ ನಿಷೇಧದ ಪಟ್ಟಿಯಲ್ಲಿರಲಿಲ್ಲವಾದ್ದರಿಂದ ಅದರ ಎಣ್ಣೆಗೆ ಜನ ಒಲಿದರೆಂದು ಹೇಳುವುದುಂಟು. ವರೋನೆಜ್ ಪ್ರಾಂತ್ಯದ ಅಲೆಕ್ಸೆಯೆವ್ಕಾ ಎಂಬಲ್ಲಿ ದನೀಲ್ ಬೊಕರೆವ್ ಎಂಬ ಜೀತದ ರೈತ 1829ರ ಸುಮಾರಿಗೆ ಇದರಿಂದ ಎಣ್ಣೆ ತೆಗೆದದ್ದು ಅಲ್ಲಿನ ಎಣ್ಣೆ ಉದ್ಯಮದ ಆರಂಭವೆಂದು ಪ್ರಸಿದ್ಧವಾಗಿದೆ.

ಧರ್ಮದ ಕಟ್ಟಳೆ ಬೇಡಿಕೆಯನ್ನು ಹುಟ್ಟಿಸಿರಬಹುದು. ಪೂರೈಕೆ ಸಾಧ್ಯವಾದದ್ದು ನೆಲದಿಂದ. ಕಪ್ಪು ಸಮುದ್ರದ ಉತ್ತರಕ್ಕೆ, ಇಂದಿನ ಉಕ್ರೇನ್ ಮತ್ತು ದಕ್ಷಿಣ ರಷ್ಯದಲ್ಲಿ ಹರಡಿರುವ ಬಯಲಿನಲ್ಲಿ ಚೆರ್ನೊಜೆಮ್ ಎಂಬ ಆಳವಾದ ಕಪ್ಪು ಮಣ್ಣಿದೆ. ಸಾವಿರಾರು ವರ್ಷ ಹುಲ್ಲು ಬೆಳೆದು ಕೊಳೆತು ಆದ ಸಾರವತ್ತಾದ ಮಣ್ಣು. ಚಳಿಗಾಲದ ಹಿಮ ಕರಗಿ ಒಳಗಿಳಿದ ತೇವ, ಏಪ್ರಿಲ್–ಮೇ ತಿಂಗಳ ಬಿತ್ತನೆ, ದೀರ್ಘ ಹಗಲಿನ ಬೇಸಿಗೆಯಲ್ಲಿ ಹೂ, ಸೆಪ್ಟೆಂಬರ್ ಹೊತ್ತಿಗೆ ಕೊಯ್ಲು. ಅಲ್ಲಿ ಬೇಸಿಗೆಯೆಂದರೆ ನಮ್ಮ ಬೇಸಿಗೆಯಲ್ಲ. ಹೂ ಅರಳುವ ಕಾಲದ ಸರಾಸರಿ ಉಷ್ಣಾಂಶ ಈ ಗಿಡ ಬಯಸುವ 20ರಿಂದ 25 ಡಿಗ್ರಿಯ ಸುತ್ತಲೇ ಇರುತ್ತದೆ. ಆಳದ ಮಣ್ಣಿನಲ್ಲಿ ತೇವ, ತಲೆಯ ಮೇಲೆ ಹದವಾದ ಬಿಸಿಲು. ಸೂರ್ಯಕಾಂತಿ ಕೇಳುವುದು ಇಷ್ಟನ್ನೇ.

20ನೇ ಶತಮಾನದಲ್ಲಿ ಕ್ರಾಸ್ನೊದಾರ್‌ನಲ್ಲಿ ವಸೀಲಿ ಪುಸ್ತೊವೊಯ್ತ್ (1886–1972) ಎಂಬ ತಳಿ ವಿಜ್ಞಾನಿ ದಶಕಗಳ ಕಾಲ ಆಯ್ಕೆ ನಡೆಸಿ, ಮೂರನೇ ಒಂದು ಭಾಗದಷ್ಟಿದ್ದ ಎಣ್ಣೆಯ ಅಂಶವನ್ನು ಶೇ 50ರ ಹತ್ತಿರಕ್ಕೆ ಏರಿಸಿದರು. ಅಲ್ಲಿಂದ ಸೂರ್ಯಕಾಂತಿ ಜಗತ್ತಿನ ಎಣ್ಣೆಕಾಳಾಯಿತು.

ಬಯಲುಸೀಮೆಗೆ ಬಂದ ಬಗೆ

ಇನ್ನು ನಮ್ಮ ಕಡೆಗೆ ಬರೋಣ. ಭಾರತಕ್ಕೆ ಎಣ್ಣೆಯ ಸೂರ್ಯಕಾಂತಿ ಬಂದದ್ದು 1969ರಲ್ಲಿ, ಸೋವಿಯತ್ ಒಕ್ಕೂಟದ ನಾಲ್ಕು ತಳಿಗಳ ರೂಪದಲ್ಲಿ. ಪುಸ್ತೊವೊಯ್ತ್ ರೂಪಿಸಿದ ಪ್ರಸಿದ್ಧ ಪೆರೆದೊವಿಕ್ ತಳಿಯೂ ಅವುಗಳಲ್ಲಿತ್ತು. 1972ರಿಂದ ರೈತರ ಹೊಲಗಳಲ್ಲಿ ಬೇಸಾಯ ಆರಂಭವಾಯಿತು. ಶೇಂಗಾ ಇಳುವರಿ ಮಳೆಯನ್ನು ನಂಬಿ ಏರಿಳಿಯುತ್ತಿದ್ದ, ಅಡುಗೆ ಎಣ್ಣೆಗೆ ಪರದಾಟವಿದ್ದ ದಿನಗಳವು. ಮಾರ್ಡನ್ ಎಂಬ ಗಿಡ್ಡ ತಳಿ 80–85 ದಿನಗಳಲ್ಲೇ ಕೊಯ್ಲಿಗೆ ಬರುತ್ತಿದ್ದುದರಿಂದ ಮಳೆಯಾಶ್ರಿತ ಹೊಲಗಳಲ್ಲಿ ಬಹುಕಾಲ ಉಳಿಯಿತು.

ಮುಖ್ಯ ತಿರುವು ಬಂದದ್ದು ಸಂಕರಣ ತಳಿಯಿಂದ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಎ. ಸೀತಾರಾಂ ಅವರ ಶ್ರಮದಿಂದ ರೂಪುಗೊಂಡ ಬಿಎಸ್ಎಚ್-1 ತಳಿ 1980ರಲ್ಲಿ ಬಿಡುಗಡೆಯಾಯಿತು. ಇದು ದೇಶದ ಮೊದಲ ಸೂರ್ಯಕಾಂತಿ ಸಂಕರಣ. ಸಂಕರಣ ತಳಿಗಳಲ್ಲಿ ಗಿಡಗಳೆಲ್ಲ ಒಂದೇ ಎತ್ತರಕ್ಕೆ ಬಂದು ಹೆಚ್ಚುಕಡಿಮೆ ಒಟ್ಟಿಗೇ ಅರಳುತ್ತವೆ, ತಮ್ಮದೇ ಪರಾಗದಿಂದ ಕಾಳು ಕಟ್ಟುವ ಗುಣವೂ ಹೆಚ್ಚು. ಹತ್ತು ದಿನದ ಪರೀಕ್ಷೆ ಇದರಿಂದ ಸ್ವಲ್ಪ ಹಗುರಾಯಿತು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳು ತಾಂತ್ರಿಕ ಮಿಷನ್ ಆರಂಭಿಸಿದ ಮೇಲೆ ಬೆಳೆ ಬಿರುಸಿನಿಂದ ಹಬ್ಬಿತು. ಉತ್ತರ ಕರ್ನಾಟಕದ ಮಾತಿನಲ್ಲಿ ಇದು 'ಸೂರ್ಯಪಾನ' ಆಯಿತು. ಹೊರಗಿನಿಂದ ಬಂದ ಗಿಡಕ್ಕೆ ಜನ ತಮ್ಮದೇ ಹೆಸರು ಕೊಟ್ಟರೆಂದರೆ ಅದು ಊರಿನದಾಯಿತೆಂದೇ ಅರ್ಥ. ಅಂದಿನಿಂದ ಇಂದಿನವರೆಗೂ ದೇಶದ ಸೂರ್ಯಕಾಂತಿ ಪ್ರದೇಶದಲ್ಲಿ ದೊಡ್ಡ ಪಾಲು ಕರ್ನಾಟಕದ್ದೇ.

ಘಟ್ಟದ ನೆರಳು, ಎರೆಯ ತೇವ

ಕರ್ನಾಟಕವೇ ಏಕೆ? ಭೂಪಟವನ್ನು ಎದುರಿಗಿಟ್ಟುಕೊಂಡರೆ ಉತ್ತರ ಸಿಗುತ್ತದೆ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಮೋಡಗಳು ತಮ್ಮ ಹೊರೆಯನ್ನು ಬಹುಪಾಲು ಪಶ್ಚಿಮ ಘಟ್ಟದಲ್ಲೇ ಇಳಿಸಿಬಿಡುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ಪೂರ್ವಕ್ಕೆ ಸರಿದು ಕೊಪ್ಪಳ, ಬಳ್ಳಾರಿ, ರಾಯಚೂರು, ವಿಜಯಪುರ ಸೀಮೆಗೆ ಬಂದರೆ 500ರಿಂದ 650 ಮಿಲಿಮೀಟರಿನ ಆಸುಪಾಸು. ಇದು ಘಟ್ಟದ ಮಳೆನೆರಳು. ಭತ್ತಕ್ಕೆ ಸಾಲದ ಈ ಮಳೆ, ಹದವರಿತು ಬಳಸಿದರೆ ಸೂರ್ಯಕಾಂತಿಗೆ ಸಾಕು.

ಆದರೆ ಒಟ್ಟು ಮಳೆಗಿಂತ ಅದು ಯಾವಾಗ ಬೀಳುತ್ತದೆ ಎಂಬುದು ದೊಡ್ಡ ಮಾತು. ಉತ್ತರ ಒಳನಾಡಿನಲ್ಲಿ ಜೂನ್, ಜುಲೈಗಿಂತ ಸೆಪ್ಟೆಂಬರ್ ತಿಂಗಳದೇ ಹೆಚ್ಚು ಮಳೆ. ರೈತರ ಲೆಕ್ಕದಲ್ಲಿ ಹುಬ್ಬೆ, ಉತ್ತರೆ ಮಳೆಗಳ ಕಾಲ. ಇಲ್ಲಿ ಮಣ್ಣು ರೈತನ ದಾರಿಯನ್ನು ಎರಡಾಗಿ ಸೀಳುತ್ತದೆ.

ಮಸಾರಿ ನೆಲ ನೀರನ್ನು ಹೆಚ್ಚು ದಿನ ಹಿಡಿದಿಡುವುದಿಲ್ಲ. ಮಳೆ ಬರುತ್ತಿರುವಾಗಲೇ ಬೆಳೆ ಮುಗಿಸಬೇಕು. ಆದ್ದರಿಂದ ಮಸಾರಿಯಲ್ಲಿ ಸೂರ್ಯಕಾಂತಿ ಮುಂಗಾರಿ ಬೆಳೆ. ಮೃಗಶಿರಾ ಮಳೆಗೆ, ಜೂನ್ ನಡುವೆ ಬಿತ್ತಿದರೆ ಆಗಸ್ಟ್ ನಡುಭಾಗಕ್ಕೆ ಹೂ. ಮಳೆ ಕೈಕೊಟ್ಟು ಬಿತ್ತನೆ ಜುಲೈ ಕೊನೆಗೆ ಜಾರಿದರೆ ಹೂ ಅರಳುವುದು ಸರಿಯಾಗಿ ಸೆಪ್ಟೆಂಬರಿನ ಜೋರು ಮಳೆಯಲ್ಲಿ. ಆಗ ಜೊಳ್ಳು ಹೆಚ್ಚುತ್ತದೆ. ಮಳೆಯ ತೇವಕ್ಕೆ ಎಲೆಚುಕ್ಕೆ ರೋಗವೂ ಬರುತ್ತದೆ. ಒಂದೇ ಹೊಲ, ಒಂದೇ ಬೀಜ. ಆರು ವಾರದ ತಡ ಫಲವನ್ನೇ ಬದಲಿಸಿಬಿಡುತ್ತದೆ.

ಎರೆ ನೆಲದ ಕಥೆ ಬೇರೆ. ಈ ಜೇಡಿ ಮಣ್ಣು ಬೇಸಿಗೆಯಲ್ಲಿ ಬಿರಿದು ಬಾಯಿ ಬಿಡುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮುಂಗಾರಿನಲ್ಲಿ ಕಾಲಿಟ್ಟರೆ ಅಂಟುವ, ನೀರು ನಿಂತರೆ ಬೇರು ಕೊಳೆಸುವ ನೆಲ ಅದು. ಆದರೆ ಒಮ್ಮೆ ಕುಡಿದ ನೀರನ್ನು ತಿಂಗಳುಗಟ್ಟಲೆ ಒಡಲಲ್ಲಿ ಇಟ್ಟುಕೊಳ್ಳುತ್ತದೆ. ಅದಕ್ಕೇ ರೈತ ಮುಂಗಾರಿನಲ್ಲಿ ಹೊಲವನ್ನು ಖಾಲಿ ಬಿಡುತ್ತಾನೆ, ಇಲ್ಲವೇ ಹೆಸರಿನಂಥ ಅಲ್ಪಾವಧಿ ಬೆಳೆ ತೆಗೆದುಕೊಳ್ಳುತ್ತಾನೆ. ಉತ್ತರೆ ಮಳೆಯ ಹೊತ್ತಿಗೆ ಸೂರ್ಯಕಾಂತಿ ಬಿತ್ತಿದರೆ ನವೆಂಬರ್ ನಡುವೆ ಹೂ. ಆ ವೇಳೆಗೆ ಮುಂಗಾರು ಹಿಂದೆ ಸರಿದಿರುತ್ತದೆ. ಆಕಾಶ ತಿಳಿ, ಬಿಸಿಲು ಹದ, ಬೆಳಗಿಗೆ ಜೇನ್ನೊಣಗಳ ಓಡಾಟ. ಮೇಲೆ ಹನಿ ಬೀಳದಿದ್ದರೂ ಕೆಳಗೆ ಬೇರಿಗೆ ನೀರಿದೆ. ಗಮನಿಸಿದರೆ ಇದು ಕಪ್ಪು ಸಮುದ್ರದ ಬಯಲಿನ ಏರ್ಪಾಡೇ. ಅಲ್ಲಿ ಹಿಮ ತುಂಬುವ ತೇವವನ್ನು ಇಲ್ಲಿ ಸೆಪ್ಟೆಂಬರಿನ ಮಳೆ ತುಂಬುತ್ತದೆ.

ಈಗ ಗುಂಡ್ಲುಪೇಟೆಯ ಪ್ರಶ್ನೆಗೂ ಉತ್ತರ ಸಿಕ್ಕಂತಾಯಿತು. ಚಾಮರಾಜನಗರ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಧಾರಾಳ. ಆಮೇಲೆ ಜೂನ್, ಜುಲೈನಲ್ಲಿ ಬೆಟ್ಟಗಳ ನೆರಳಿನಿಂದಾಗಿ ಮಳೆ ಕ್ಷೀಣ. ಮತ್ತೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಬೇಸಿಗೆ ಮಳೆಗೆ ಬಿತ್ತಿದ ಸೂರ್ಯಕಾಂತಿ ಎರಡು ಮಳೆಗಾಲಗಳ ನಡುವಿನ ಈ ಬಿಡುವಿನಲ್ಲಿ ಅರಳುತ್ತದೆ. ಕೊಪ್ಪಳದ ರೈತ ಮಳೆ ಮುಗಿದ ಮೇಲಿನ ಬಿಸಿಲನ್ನು ಹಿಡಿದರೆ ಗುಂಡ್ಲುಪೇಟೆಯ ರೈತ ಮಳೆಗಳ ನಡುವಿನ ಬಿಸಿಲನ್ನು ಹಿಡಿಯುತ್ತಾನೆ. ತಿಂಗಳು ಬೇರೆಯಾದರೂ ಉಪಾಯ ಒಂದೇ.

ನೀರಾವರಿ ಇರುವಲ್ಲಿ ಮೂರನೆಯ ದಾರಿಯೂ ಇದೆ. ತುಂಗಭದ್ರಾ ಅಚ್ಚುಕಟ್ಟಿನಂಥ ಕಡೆ ಜನವರಿಯಲ್ಲಿ ಬಿತ್ತಿ ಬಿಸಿಲು ಬಲಿಯುವ ಮೊದಲೇ ಹೂ ಮುಗಿಸಿಕೊಳ್ಳಬಹುದು. ಪಂಜಾಬ್, ಹರಿಯಾಣಗಳಲ್ಲಿ ಇದು ವಸಂತದ ಬೆಳೆ. ಚಳಿ ಇಳಿಯುತ್ತಿರುವ ಜನವರಿ–ಫೆಬ್ರುವರಿಯಲ್ಲಿ ಬಿತ್ತಿ, ಮುಂಗಾರಿಗೆ ಮುನ್ನ ಕೊಯ್ದುಬಿಡುತ್ತಾರೆ. ಬೇಕಾದಾಗ ನೀರು, ಬೇಕಾದಷ್ಟು ಬಿಸಿಲು. ಹೀಗಾಗಿ ಅಲ್ಲಿನ ಇಳುವರಿ ನಮ್ಮ ಒಣಬೇಸಾಯಕ್ಕಿಂತ ಬಹಳ ಹೆಚ್ಚು.

ಎಣ್ಣೆಯಲ್ಲೂ ಹವೆಯ ಗುರುತು

ಹವಾಗುಣದ ಪ್ರಭಾವ ಇಳುವರಿಗೇ ನಿಲ್ಲುವುದಿಲ್ಲ, ಬಾಣಲೆಯವರೆಗೂ ಬರುತ್ತದೆ. ಸೂರ್ಯಕಾಂತಿ ಎಣ್ಣೆಯಲ್ಲಿ ಮುಖ್ಯವಾಗಿ ಎರಡು ಕೊಬ್ಬಿನಾಮ್ಲಗಳಿವೆ. ಒಂದು ಲಿನೊಲೀಕ್, ಇನ್ನೊಂದು ಓಲೀಕ್. ಕಾಳು ಬಲಿಯುವಾಗ ಹವೆ ತಂಪಾಗಿದ್ದರೆ ಲಿನೊಲೀಕ್ ಹೆಚ್ಚುತ್ತದೆ. ಸೆಕೆಯಿದ್ದರೆ, ಅದರಲ್ಲೂ ರಾತ್ರಿಗಳು ಬೆಚ್ಚಗಿದ್ದರೆ ಓಲೀಕ್ ಹೆಚ್ಚುತ್ತದೆ. ಹೀಗೆ ಒಂದೇ ತಳಿಯ ಬೀಜ ಉಕ್ರೇನಿನಲ್ಲಿ ಬೆಳೆದಾಗ ಒಂದು ಬಗೆಯ ಎಣ್ಣೆ, ದಖನ್ನಿನಲ್ಲಿ ಬೆಳೆದಾಗ ಇನ್ನೊಂದು ಬಗೆ. ಓಲೀಕ್ ಹೆಚ್ಚಿರುವ ಎಣ್ಣೆ ಕಮಟು ಹಿಡಿಯುವುದು ನಿಧಾನ, ಕರಿಯುವ ಕಾವನ್ನೂ ಚೆನ್ನಾಗಿ ತಾಳುತ್ತದೆ. ಸೋವಿಯತ್ ವಿಜ್ಞಾನಿಗಳು 1970ರ ದಶಕದಲ್ಲಿ ಪೆರ್ವೆನೆಟ್ಸ್ ಎಂಬ ಅಧಿಕ ಓಲೀಕ್ ತಳಿಯನ್ನು ರೂಪಿಸಿದ ಮೇಲೆ ಇದನ್ನು ಹವೆಯ ಮರ್ಜಿಗೆ ಬಿಡದೆ ತಳಿಯಿಂದಲೇ ಪಡೆಯುವ ದಾರಿ ತೆರೆಯಿತು.

ಏರಿದ ಬೆಳೆ ಇಳಿದದ್ದೇಕೆ?

ಇಷ್ಟೆಲ್ಲ ಅನುಕೂಲವಿದ್ದ ಬೆಳೆ ಇಂದು ಎಲ್ಲಿದೆ? 1993–94ರ ಸುಮಾರಿಗೆ ದೇಶದಲ್ಲಿ ಸೂರ್ಯಕಾಂತಿ 26–27 ಲಕ್ಷ ಹೆಕ್ಟೇರ್ ಮುಟ್ಟಿತ್ತು. ಈಚಿನ ವರ್ಷಗಳಲ್ಲಿ ಅದು ಎರಡು–ಮೂರು ಲಕ್ಷ ಹೆಕ್ಟೇರಿನ ಆಸುಪಾಸಿಗೆ ಕುಸಿದಿದೆ. ಹತ್ತು ಹೊಲಗಳಲ್ಲಿ ಒಂಬತ್ತು ಬೇರೆ ಬೆಳೆಗೆ ಹೋದವು ಎಂದು ಸ್ಥೂಲವಾಗಿ ಹೇಳಬಹುದು.

ಕಾರಣ ಒಂದಲ್ಲ. 1994 ಮತ್ತು 1995ರಲ್ಲಿ ಅಡುಗೆ ಎಣ್ಣೆಯ ಆಮದನ್ನು ಖಾಸಗಿ ವ್ಯಾಪಾರಿಗಳಿಗೆ ಮುಕ್ತಗೊಳಿಸಲಾಯಿತು. ಅಗ್ಗದ ತಾಳೆ ಎಣ್ಣೆ ಬಂದರುಗಳಿಗೆ ಬಂದಿಳಿಯಿತು. ಅದರ ಹಿಂದೆ ಕಪ್ಪು ಸಮುದ್ರದ ಸೂರ್ಯಕಾಂತಿ ಎಣ್ಣೆಯೂ ಬಂದಿತು. ಅಲ್ಲಿ ಹೆಕ್ಟೇರಿಗೆ ಎರಡು ಟನ್ನಿಗೂ ಮಿಕ್ಕಿ ಬೆಳೆ, ನಮ್ಮ ಸರಾಸರಿ ಒಂದು ಟನ್ ಮುಟ್ಟಲೂ ಏದುಸಿರು. ಹತ್ತಿ, ಮೆಕ್ಕೆಜೋಳ, ಕಡಲೆ ಬೆಳೆಗಳು ರೈತನಿಗೆ ಹೆಚ್ಚು ನೆಮ್ಮದಿಯ ಲೆಕ್ಕ ತೋರಿಸಿದವು.

ಹವೆಯೂ ಒಂದು ಪೆಟ್ಟು ಕೊಟ್ಟಿತು. 1997ರಲ್ಲಿ ಆಗ ಕೋಲಾರ ಜಿಲ್ಲೆಯಲ್ಲಿದ್ದ ಬಾಗೇಪಲ್ಲಿಯಲ್ಲಿ ಹೊಸ ರೋಗವೊಂದು ಕಾಣಿಸಿತು. ಎಲೆ ಸುಟ್ಟಂತಾಗಿ, ಕಾಂಡ ಕಪ್ಪಾಗಿ, ತೆನೆ ಸೊಟ್ಟಗೆ ತಿರುಚಿಕೊಳ್ಳುವ ನೆಕ್ರೋಸಿಸ್ ಎಂಬ ನಂಜುರೋಗ. ತಂಬಾಕಿನ ಒಂದು ನಂಜಾಣು ಇದರ ಮೂಲವೆಂದು ತಿಳಿಯಿತು. ನಂಜಿನ ಬೀಡು ಎಲ್ಲೆಡೆ ಬೆಳೆದ ಪಾರ್ಥೇನಿಯಂ, ಅಂದರೆ ಜನ ಕಾಂಗ್ರೆಸ್ ಕಳೆ ಎನ್ನುವ ಗಿಡ. ಅದರ ಪರಾಗದ ಮೂಲಕ ನಂಜನ್ನು ಸೂರ್ಯಕಾಂತಿಗೆ ದಾಟಿಸುವುದು ಥ್ರಿಪ್ಸ್ ಎಂಬ ಸಣ್ಣ ನುಸಿ. ಮಳೆ ನಡುವೆ ಬಿಡುವು ಕೊಟ್ಟು ಒಣಹವೆ ಹಿಡಿದರೆ ನುಸಿ ಹೆಚ್ಚುತ್ತದೆ. ಹೀಗೆ ಹೂವಿಗೆ ಬೇಕಾದ ಬಿಸಿಲೇ ಎಳೆಯ ಪೈರಿಗೆ ಶತ್ರುವನ್ನೂ ತಂದಿತು. ಎರಡು ಮೂರು ವರ್ಷಗಳಲ್ಲಿ ಮುಂಗಾರಿ ಸೂರ್ಯಕಾಂತಿ ಅನೇಕ ಕಡೆ ನೆಲಕಚ್ಚಿತು.

ಬೆಳೆ ವಿರಳವಾದಂತೆ ಇನ್ನೊಂದು ತೊಡಕು ಹುಟ್ಟಿತು. ಊರಿಗೆ ಊರೇ ಸೂರ್ಯಕಾಂತಿ ಬೆಳೆದಾಗ ಗಿಣಿಗಳ ಪಾಲು ಹಂಚಿಹೋಗುತ್ತಿತ್ತು. ಒಬ್ಬನೇ ಬೆಳೆದರೆ ಸುತ್ತಲಿನ ಗಿಣಿಗಳೆಲ್ಲ ಅದೇ ಹೊಲಕ್ಕೆ. ಬೆಳಗು ಸಂಜೆ ಕಾವಲಿಗೆ ಆಳು ಬೇಕು. ನೆರೆಯವರು ಬಿಟ್ಟ ಬೆಳೆಯನ್ನು ಒಬ್ಬ ರೈತ ಉಳಿಸಿಕೊಳ್ಳುವುದು ಕಷ್ಟವಾಗುವುದು ಹೀಗೆ.

ದೂರದ ಯುದ್ಧ, ಮನೆಯ ಡಬ್ಬ

ಹೊಲ ಬಿಟ್ಟುಹೋದರೂ ಸೂರ್ಯಕಾಂತಿ ಅಡುಗೆಮನೆ ಬಿಡಲಿಲ್ಲ. ಬಯಲುಸೀಮೆಯಲ್ಲಿ ಕುಸುಬೆ, ಶೇಂಗಾ ಎಣ್ಣೆಯಿದ್ದ ಜಾಗದಲ್ಲಿ ಇಂದು ಹೆಚ್ಚಿನ ಮನೆಗಳಲ್ಲಿ ಇರುವುದು ಅದೇ. ದೇಶ ವರ್ಷಕ್ಕೆ 20 ಲಕ್ಷ ಟನ್ನಿಗೂ ಹೆಚ್ಚು ಸೂರ್ಯಕಾಂತಿ ಎಣ್ಣೆಯನ್ನು ಆಮದು ಮಾಡಿಕೊಳ್ಳುತ್ತದೆ. ಜಗತ್ತಿನ ಸೂರ್ಯಕಾಂತಿಯಲ್ಲಿ ಅರ್ಧದಷ್ಟನ್ನು ರಷ್ಯ, ಉಕ್ರೇನ್ ಎರಡೇ ದೇಶ ಬೆಳೆಯುತ್ತವೆ. 2022ರ ಫೆಬ್ರುವರಿ 24ರಂದು ಅಲ್ಲಿ ಯುದ್ಧ ಆರಂಭವಾಗಿ ಉಕ್ರೇನಿನ ಬಂದರುಗಳು ಮುಚ್ಚಿದಾಗ, ಕೆಲವೇ ದಿನಗಳಲ್ಲಿ ನಮ್ಮ ಕಿರಾಣಿ ಅಂಗಡಿಗಳಲ್ಲಿ ಎಣ್ಣೆಯ ಬೆಲೆ ಏರಿತು. ಚೆರ್ನೊಜೆಮ್ ಎಂಬ ಹೆಸರನ್ನೇ ಕೇಳದ ಗೃಹಿಣಿಯೂ ಆ ಮಣ್ಣಿನ ಮೇಲೆ ಎಷ್ಟು ಅವಲಂಬಿತಳೆಂಬುದು ಆಗ ಗೊತ್ತಾಯಿತು.

ಹಾಗೆಂದು ಎಲ್ಲ ಹೊಲವನ್ನೂ ಮತ್ತೆ ಹಳದಿ ಮಾಡಬೇಕೆಂಬ ಘೋಷಣೆ ಉತ್ತರವಾಗದು. ಕೇಂದ್ರ ಸರ್ಕಾರ 2025–26ಕ್ಕೆ ಕ್ವಿಂಟಲಿಗೆ 7,721 ರೂಪಾಯಿ ಬೆಂಬಲ ಬೆಲೆ ಘೋಷಿಸಿದೆ. ಬೆಲೆ ಘೋಷಣೆಯಾದರೆ ಸಾಲದು, ಖರೀದಿಯೂ ಆಗಬೇಕು. 2023ರ ಜೂನ್‌ನಲ್ಲಿ ಹರಿಯಾಣದ ಸೂರ್ಯಕಾಂತಿ ಬೆಳೆಗಾರರು ಕುರುಕ್ಷೇತ್ರದ ಬಳಿ ಹೆದ್ದಾರಿ ತಡೆದದ್ದು, ಆಗಿನ 6,400 ರೂಪಾಯಿ ಬೆಂಬಲ ಬೆಲೆಗೆ ಸರ್ಕಾರವೇ ಖರೀದಿಸಬೇಕೆಂದು. ಬೆಲೆಯ ಭರವಸೆ ಇದ್ದರೂ ಸೂರ್ಯಕಾಂತಿ ಎಲ್ಲೆಂದರಲ್ಲಿ ಗೆಲ್ಲುವ ಬೆಳೆಯಲ್ಲ. ಎಲ್ಲ ಕಾಲಕ್ಕೂ ಸಲ್ಲುತ್ತದೆಂದು ಕಂಡಕಂಡಲ್ಲಿ ಬಿತ್ತಿದ್ದು ಒಮ್ಮೆ ಮುಗ್ಗರಿಸಲು ಕಾರಣವಾಯಿತು. ಆಳವಾದ ಎರೆಯ ಹಿಂಗಾರು, ದಕ್ಷಿಣದ ಮಳೆಬಿಡುವಿನ ಮುಂಗಾರುಪೂರ್ವ, ನೀರಾವರಿಯ ಜನವರಿ ಬಿತ್ತನೆ, ಈ ಮೂರು ಜಾಗಗಳಲ್ಲಿ ಅದಕ್ಕೆ ಸಹಜ ನೆಲೆಯಿದೆ.

ಆ ನೆಲೆಗಳೂ ಈಗ ಮೊದಲಿನಷ್ಟು ಭದ್ರವಲ್ಲ. 2021ರ ನವೆಂಬರಿನಲ್ಲಿ ರಾಜ್ಯದಾದ್ಯಂತ ವಾಡಿಕೆಗಿಂತ ಎಷ್ಟೋ ಪಟ್ಟು ಮಳೆ ಸುರಿದು ನಿಂತ ಬೆಳೆಗಳು ಹಾಳಾದವು. ಹಿಂಗಾರಿ ಸೂರ್ಯಕಾಂತಿ ನಂಬಿಕೊಂಡಿರುವ ತಿಳಿ ಆಕಾಶದ ತಿಂಗಳು ಅದೇ. ಮಳೆಯ ನಕ್ಷತ್ರಗಳು ಪಂಚಾಂಗದಲ್ಲಿ ತಪ್ಪದೆ ಬರುತ್ತವೆ, ಮಳೆ ಮಾತ್ರ ಅವುಗಳ ಜೊತೆ ಬರುವ ಖಾತ್ರಿ ಇಲ್ಲ. ಆದ್ದರಿಂದ ರೈತನಿಗೆ ಇಂದು ಬೇಕಾಗಿರುವುದು ಹೊಸ ಬೀಜದ ಚೀಲವೊಂದೇ ಅಲ್ಲ. ತನ್ನ ಹೋಬಳಿಯಲ್ಲಿ ಇನ್ನೆರಡು ತಿಂಗಳಿಗೆ ಆಕಾಶ ಹೇಗಿದ್ದೀತು ಎಂಬ ನಂಬಲರ್ಹ ಮುನ್ಸೂಚನೆ, ಒಂದು ಬಿತ್ತನೆ ಕೈಕೊಟ್ಟರೆ ಇನ್ನೊಂದು ಉಳಿಯುವಂತೆ ಹದಿನೈದು ದಿನದ ಅಂತರದಲ್ಲಿ ಎರಡು ಬಾರಿ ಬಿತ್ತುವಷ್ಟು ಅನುಕೂಲ, ಬೆಳೆದದ್ದನ್ನು ಕೊಳ್ಳುವವರ ಭರವಸೆ. ಹೂ ಅರಳುವ ಆ ಹತ್ತು ದಿನಗಳನ್ನು ಒಬ್ಬ ಬೆಳೆಗಾರ ಸರಿಯಾಗಿ ಆರಿಸಿಕೊಂಡರೆ, ಕಪ್ಪು ಸಮುದ್ರದಿಂದ ಹಡಗು ಏರಿ ಬರಬೇಕಾದ ಎಣ್ಣೆಯಲ್ಲಿ ಅಷ್ಟರಮಟ್ಟಿಗೆ ಕಡಿಮೆಯಾದಂತೆ.